ಲೆಕ್ಕಕ್ಕೆ ಸೇರದ ಎರಡು ಗುಂಡು

ಪರೀಕ್ಷಾಲಯದಲ್ಲಿ ಎಲ್ಲರ ಬಾಯಲ್ಲೂ ಅವಳು ಸೆಕೆಂಡಮ್ಮ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ಕೋವಿಯಿಂದ ಹೊರಟ ಗುಂಡು ಎರಡು ಬೆಳಕಿನ ತೆರೆಗಳ ನಡುವಿನ ದಾರಿಯನ್ನು ಸೆಕೆಂಡಿನ ಎಷ್ಟನೇ ಪಾಲಿನಲ್ಲಿ ದಾಟಿತು, ಅದರಿಂದ ಅದರ ವೇಗ ಎಷ್ಟಾಯಿತು ಎಂದು ಇಪ್ಪತ್ತಾರು ವರ್ಷ ಬರೆದುಕೊಂಡು ಬಂದವಳಿಗೆ ಬೇರೆ ಯಾವ ಹೆಸರು ಬಂದೀತು? ಅವಳು ಊಟಕ್ಕೆ ಎದ್ದರೆ ಜನ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಮುಖ ಸಿಂಡರಿಸಿದಂತೆ ಮಾಡಿದರೂ ಒಳಗೊಳಗೇ ಅವಳಿಗೆ ಅದರ ಬಗ್ಗೆ ಹೆಮ್ಮೆಯಿತ್ತು. ತನ್ನ ಕೈಯಲ್ಲಿ ಬರೆದ ಅಂಕಿ ತಪ್ಪಾಗಿರಬಹುದು ಎಂಬ ಯೋಚನೆ ಅವಳ ತಲೆಯ ಹತ್ತಿರವೂ ಸುಳಿದದ್ದಿಲ್ಲ.

ಅವಳ ಜೊತೆಗಾರ ಕಿವುಡಣ್ಣ. ಕೋವಿಯನ್ನು ಕಬ್ಬಿಣದ ಪೀಠಕ್ಕೆ ಬಿಗಿದು, ದೂರದಿಂದ ಹಗ್ಗ ಎಳೆದು ಹೊಡೆಯುವುದು ಅವನ ಕೆಲಸ. ಮೂವತ್ತು ವರ್ಷ ಅದೇ ಕೆಲಸ ಮಾಡಿ ಅರ್ಧ ಕಿವಿ ಕಳೆದುಕೊಂಡಿದ್ದ. ತನಗೆ ಬೇಡದ ಮಾತು ಬಂದಾಗ ಉಳಿದರ್ಧವನ್ನೂ ತಾನೇ ಮುಚ್ಚಿಕೊಳ್ಳುತ್ತಿದ್ದ.

ಒಂದು ಮಂಗಳವಾರ ಬೆಳಿಗ್ಗೆ ಹಸಿರು ಸಮವಸ್ತ್ರದ ಹೆಂಗಸೊಬ್ಬಳು ಕಡತ ಹಿಡಿದುಕೊಂಡು ಬಂದಳು. ಮೂವತ್ತೈದರ ಒಳಗಿನ ವಯಸ್ಸು. ಕಾಡಿನ ಕಾವಲುಗಾರ್ತಿ. ಅವಳ ಗಂಡನೂ ಅವಳ ಅರಣ್ಯ ಠಾಣೆಯಲ್ಲೇ ಕಾವಲುಗಾರನಾಗಿದ್ದ. ಮೂರು ತಿಂಗಳ ಹಿಂದೆ ಇಬ್ಬರೂ ಗಸ್ತಿಗೆ ಹೋಗಿದ್ದಾಗ ಗಾಯಗೊಂಡಿದ್ದ ಕಾಡುಕೋಣವೊಂದು ಪೊದೆಯಿಂದ ನುಗ್ಗಿ ಬಂತು. ಮುಂದಿದ್ದ ಅವನು ಇಪ್ಪತ್ತೈದು ಹೆಜ್ಜೆ ದೂರದಿಂದ ಒಂದು ಗುಂಡು ಹೊಡೆದ. ಕೋಣ ನಿಲ್ಲಲಿಲ್ಲ. ಎರಡನೆಯ ಗುಂಡಿಗೆ ಸಮಯವಿರಲಿಲ್ಲ. ಅವಳು ಹತ್ತು ಹೆಜ್ಜೆ ಹಿಂದೆ ನಿಂತು ಎಲ್ಲವನ್ನೂ ನೋಡಿದ್ದಳು.

"ನನ್ನ ಹೇಳಿಕೆ ಅದರೊಳಗಿದೆ," ಅಂದಳು ಕಾವಲುಗಾರ್ತಿ, ಕಡತವನ್ನು ಮೇಜಿನ ಮೇಲಿಟ್ಟು. "ವಿಚಾರಣೆಯವರು ನಂಬಲಿಲ್ಲ. ಇನ್ನೊಂದು ಸಲ ಅಳತೆ ಮಾಡಿಸಿ ಅಂತ ಅರ್ಜಿ ಹಾಕಿದ್ದೆ. ಇದೇ ಕೊನೆ ಸಲ ಅಂತ ಒಪ್ಪಿದ್ದಾರೆ."

"ಗುಂಡು ತಾಗಿದ್ದನ್ನ ನೀವು ನೋಡಿದ್ರಾ ಅಮ್ಮಾ?" ಕೇಳಿದಳು ಸೆಕೆಂಡಮ್ಮ.

"ನೋಡಿದೆ ಅಂತ ಬರೆದು ಕೊಟ್ಟಿದ್ದೀನಿ," ಅಂದಳು.

ಸೆಕೆಂಡಮ್ಮ ಕಡತ ಬಿಚ್ಚಿದಳು. ವಿಚಾರಣೆಯ ವರದಿ ಎರಡೇ ಪುಟದ್ದು. ತೀರ್ಮಾನ ಮೂರು ಸಾಲಿನಲ್ಲಿ ಮುಗಿದಿತ್ತು. ಪರೀಕ್ಷಾಲಯದ ಪ್ರಮಾಣಪತ್ರದಂತೆ ಈ ತೋಟಾದ ಗುಂಡು ಅಷ್ಟು ಹತ್ತಿರದಲ್ಲಿ ಭುಜಕ್ಕೆ ತಾಗಿದರೆ ಕೋಣ ಬೀಳಲೇಬೇಕು. ಕೋಣ ಬೀಳಲಿಲ್ಲ. ಆದ್ದರಿಂದ ಗುಂಡು ತಾಗಿಲ್ಲ, ಕಾವಲುಗಾರ ಗಾಬರಿಯಲ್ಲಿ ಗುರಿ ತಪ್ಪಿದ್ದಾನೆ. ಕೋಣದ ಹೆಣ ಸಿಗದ ಕಾರಣ ಬೇರೆ ಸಾಕ್ಷಿಯಿಲ್ಲ. ಹೆಂಡತಿಯ ಹೇಳಿಕೆಯ ಪಕ್ಕದಲ್ಲಿ ಯಾರೋ "ಆಘಾತದಲ್ಲಿದ್ದರು" ಎಂದು ಬರೆದು ಕೈ ತೊಳೆದುಕೊಂಡಿದ್ದರು.

ಕೊನೆಯಲ್ಲಿ ಆ ಪ್ರಮಾಣಪತ್ರದ ನಕಲು ಲಗತ್ತಾಗಿತ್ತು. ಹದಿನಾಲ್ಕು ವರ್ಷದ ಹಿಂದಿನದು. ಕೆಳಗಿದ್ದ ಸಹಿ ಸೆಕೆಂಡಮ್ಮನದೇ.

"ನೀವೇ ಅಲ್ವಾ ಇದು?" ಅಂದಳು ಕಾವಲುಗಾರ್ತಿ.

"ನಾನೇ."

"ಹಾಗಾದ್ರೆ ಚೆನ್ನಾಗಿ ಗೊತ್ತಿರುತ್ತೆ ನಿಮಗೆ."

ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಸೆಕೆಂಡಮ್ಮನಿಗೆ ಸುಲಭವಾಗುತ್ತಿತ್ತು.

ಕಾವಲುಗಾರ್ತಿ ಎರಡು ಪೆಟ್ಟಿಗೆ ತಂದಿದ್ದಳು. ಒಂದರಲ್ಲಿ ಹಳೆಯ ಕಾಲದ ತೋಟಾ ಹತ್ತು. ಠಾಣೆಯ ಬೀರುವಿನಲ್ಲಿ ಉಳಿದುಹೋಗಿದ್ದವು. ಇನ್ನೊಂದರಲ್ಲಿ ಹೊಸ ಕಾಲದ್ದು ಇಪ್ಪತ್ತು. ಗಂಡನ ಕೋವಿಯಲ್ಲಿದ್ದ ಸರಕಿನದೇ. ಅವುಗಳ ಜೊತೆಗೆ ಮೊಹರು ಹಾಕಿದ ಒಂದು ಸಣ್ಣ ಲಕೋಟೆ: ಅವನು ಹೊಡೆದ ಆ ಒಂದೇ ಗುಂಡಿನ ಖಾಲಿ ಹಿತ್ತಾಳೆ ಕವಚ.

ಕಿವುಡಣ್ಣ ಹಳೆಯದೊಂದು, ಹೊಸದೊಂದು ತೋಟಾ ತೆಗೆದು ಪಕ್ಕಪಕ್ಕದಲ್ಲಿ ನಿಲ್ಲಿಸಿದ. ಅವನ ಭಾಷೆಯಲ್ಲಿ ಹಳೆಯದು ತಾತ, ಹೊಸದು ಮೊಮ್ಮಗ. ತಾತ ನಡುಬೆರಳಿಗಿಂತ ಉದ್ದ. ಮೊಮ್ಮಗ ಅದರ ಮುಕ್ಕಾಲು. ಇಬ್ಬರ ತಲೆಯ ಮೇಲೂ ಒಂದೇ ಗಾತ್ರದ, ಮೂವತ್ತೆರಡು ಗ್ರಾಂ ತೂಕದ ದಪ್ಪ ಗುಂಡು. ತಾತನಿಗೆ ಜೋಡಿ ನಳಿಗೆಯ ದುಬಾರಿ ಕೋವಿಯೇ ಆಗಬೇಕಿತ್ತು. ಮೊಮ್ಮಗ ಒಂದೇ ನಳಿಗೆಯ ಮಾಮೂಲಿ ಬೋಲ್ಟ್ ಕೋವಿಯಲ್ಲಿ ಕೂರುತ್ತಿದ್ದ. ಅದಕ್ಕೇ ಇಲಾಖೆ ತಾತನನ್ನು ಬಿಟ್ಟು ಮೊಮ್ಮಗನ ಕೈ ಹಿಡಿದದ್ದು.

"ತಾತನ ಹೊಟ್ಟೇಲಿ ಜಾಗ ಜಾಸ್ತಿ," ಎಂದು ಕಿವುಡಣ್ಣ ಕಾವಲುಗಾರ್ತಿಗೆ ವಿವರಿಸಿದ. "ಮದ್ದು ಆರಾಮಾಗಿ ಕೂತಿರುತ್ತೆ. ಒತ್ತಡ ಕಮ್ಮಿ, ಆದ್ರೂ ಕೆಲಸ ಪೂರ್ತಿ. ಮೊಮ್ಮಗನಿಗೆ ಮೈ ಗಿಡ್ಡ. ಅಷ್ಟೇ ವೇಗ ಬೇಕು ಅಂದ್ರೆ ಮದ್ದನ್ನ ಒತ್ತಿ ಒತ್ತಿ ತುರುಕಬೇಕು. ಒತ್ತಡ ಒಂದೂವರೆ ಪಟ್ಟು."

"ವೇಗ ಒಂದೇನಾ?"

"ಕಾಗದದ ಮೇಲೆ ಒಂದೇ. ಸೆಕೆಂಡಿಗೆ ಆರುನೂರ ಐವತ್ತು ಮೀಟರು," ಅಂದಳು ಸೆಕೆಂಡಮ್ಮ. ಕಾಗದದ ಮೇಲೆ ಎಂಬ ಮಾತು ತನ್ನ ಬಾಯಿಂದ ಯಾಕೆ ಬಂತೆಂದು ಅವಳಿಗೆ ತಿಳಿಯಲಿಲ್ಲ.

"ಆವತ್ತಿನ ಸದ್ದು ಬೇರೆ ಇತ್ತು," ಅಂದಳು ಕಾವಲುಗಾರ್ತಿ. "ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಹಾಗೆ. ಕೋವಿ ಅವರ ಭುಜಕ್ಕೆ ಒದೆಯಲೂ ಇಲ್ಲ. ಅದನ್ನೂ ಬರೆದು ಕೊಟ್ಟಿದ್ದೀನಿ."

ಪರೀಕ್ಷೆ ನಾಳೆ ಹತ್ತು ಗಂಟೆಗೆ ಎಂದಷ್ಟೇ ಹೇಳಿ ಸೆಕೆಂಡಮ್ಮ ಅವಳನ್ನು ಕಳುಹಿಸಿದಳು.

ಊಟದ ಬಿಡುವಿನಲ್ಲಿ ಅವಳು ಊಟಕ್ಕೆ ಹೋಗಲಿಲ್ಲ. ದಾಸ್ತಾನು ಕೋಣೆಗೆ ಹೋಗಿ ಹದಿನಾಲ್ಕು ವರ್ಷದ ಹಿಂದಿನ ದಾಖಲೆ ಪುಸ್ತಕ ಹುಡುಕಿದಳು. ಕಬ್ಬಿಣದ ಕಪಾಟಿನ ತಳದಲ್ಲಿ, ಧೂಳು ಹಿಡಿದ ರಟ್ಟಿನೊಳಗೆ ಸಿಕ್ಕಿತು. ತನ್ನದೇ ದುಂಡಗಿನ ಅಕ್ಷರ. ಎಡಪುಟದಲ್ಲಿ ಹಳೆಯ ತೋಟಾ, ಬಲಪುಟದಲ್ಲಿ ಹೊಸದು, ತಲಾ ಇಪ್ಪತ್ತು ಹೊಡೆತ. ಎಡಗಡೆ ಒಂದಕ್ಕೊಂದು ಅಂಟಿಕೊಂಡಂತೆ ಇಪ್ಪತ್ತು ಅಂಕಿ. ಬಲಗಡೆಯೂ ಹಾಗೇ, ಎರಡನ್ನು ಬಿಟ್ಟು. ಏಳನೆಯದು ಐನೂರ ಮೂವತ್ತೊಂದು. ಹದಿನಾರನೆಯದು ಐನೂರ ಹದಿನೆಂಟು. ಎರಡರ ಮೇಲೂ ಕೆಂಪು ಗೆರೆ ಎಳೆದು ಪಕ್ಕದಲ್ಲಿ "ತೆರೆದೋಷ, ಮತ್ತೆ ಹೊಡೆಯಲಾಗಿದೆ" ಎಂದು ಬರೆದಿತ್ತು.

ಇದು ಆ ಪರೀಕ್ಷಾಲಯದ ಪದ್ಧತಿ. ಬೆಳಕಿನ ತೆರೆಗಳು ನಾಜೂಕಿನ ವಸ್ತು. ಒಂದು ಚಿಟ್ಟೆ ಹಾರಿದರೆ, ನಳಿಗೆಯ ಬಾಯಿಂದ ಹೊಗೆ ಮುಂದಾಗಿ ನುಗ್ಗಿದರೆ ತಪ್ಪು ಅಂಕಿ ತೋರಿಸುತ್ತಿದ್ದವು. ಹಾಗಾಗಿ ಸರಾಸರಿಗಿಂತ ತೀರಾ ಆಚೀಚೆ ಹೋದ ಅಂಕಿ ಬಂದರೆ ಅದು ತೆರೆಯ ತಪ್ಪು ಎಂದು ಹೊಡೆದುಹಾಕಿ, ಇನ್ನೊಂದು ತೋಟಾ ಹೊಡೆದು ಬರೆಯುವುದು. ನಿಯಮ ಪುಸ್ತಕವೇ ಹಾಗೆ ಹೇಳುತ್ತಿತ್ತು. ಗುಂಡು ತಪ್ಪು ಮಾಡಿರಬಹುದು, ಯಂತ್ರ ನಿಜ ಹೇಳಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ನಿಂತವರಿಗೆ ಸದ್ದಿನ ವ್ಯತ್ಯಾಸ ಕೇಳುವ ಮಾತೇ ಇರಲಿಲ್ಲ.

ಸೆಕೆಂಡಮ್ಮ ಎರಡೂ ಪುಟಗಳನ್ನು ಮತ್ತೆ ನೋಡಿದಳು. ಒಂದೇ ದಿನ, ಅದೇ ತೆರೆಗಳು, ಅದೇ ಬೆಳಕು. ತೆರೆ ಕೆಟ್ಟಿದ್ದರೆ ಹಳೆಯ ತೋಟಾದ ಪುಟದಲ್ಲೂ ಒಂದಾದರೂ ಕೆಂಪು ಗೆರೆ ಬೀಳಬೇಕಿತ್ತು. ಒಂದೂ ಇರಲಿಲ್ಲ. ಪುಸ್ತಕ ಮುಚ್ಚಿ, ಅಲ್ಲೇ ಮೆಟ್ಟಿಲಿನ ಮೇಲೆ ಕೂತುಬಿಟ್ಟಳು.

ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ದರ್ಜಿ, ಮುಂದಿನ ಕೋಣೆಯೇ ಅವನ ಅಂಗಡಿ. ಹೊಲಿಗೆ ಯಂತ್ರದ ಮೇಲೆ ಬಗ್ಗಿಕೊಂಡೇ ಪೂರ್ತಿ ಕೇಳಿಸಿಕೊಂಡ.

"ಸರಾಸರಿ ಆವತ್ತೂ ಸರಿಯಾಗೇ ಇತ್ತು," ಅಂದಳು ಅವಳು, ತನ್ನ ಪರವಾಗಿ ಏನಾದರೂ ಹೇಳಲಿ ಎಂಬ ಆಸೆಯಿಂದ. "ಆ ಎರಡನ್ನ ಸೇರಿಸಿದ್ರೂ ಹತ್ತಿಪ್ಪತ್ತು ಮೀಟರ್ ಕಮ್ಮಿ ಆಗ್ತಿತ್ತು, ಅಷ್ಟೆ."

"ಒಂದು ತೋಳು ಉದ್ದ, ಇನ್ನೊಂದು ಗಿಡ್ಡ ಹೊಲಿದು, ಸರಾಸರಿ ಸರಿಯಾಗಿದೆ ಹಾಕ್ಕೊಳ್ಳಿ ಸ್ವಾಮಿ ಅಂದ್ರೆ ಗಿರಾಕಿ ನನ್ನ ಸುಮ್ಮನೆ ಬಿಡ್ತಾನೇನೆ?" ಅಂದ ಅವನು. ತಮಾಷೆಗೆ ಹೇಳಿದ್ದು. ಹೆಂಡತಿಯ ಮುಖ ನೋಡಿ ದಾರ ಕಡಿಯುವುದನ್ನು ನಿಲ್ಲಿಸಿದ. "ಅಳಬೇಡ್ವೇ," ಅಂದ. "ನಾಳೆ ಸರಿಯಾಗಿ ಅಳೆ."

ಮರುದಿನ ಹತ್ತು ಗಂಟೆಗೆ ಮೊದಲು ಹಳೆಯ ತೋಟಾ. ಕಿವುಡಣ್ಣ ಜೋಡಿ ನಳಿಗೆಯ ಕೋವಿಯನ್ನು ಪೀಠಕ್ಕೆ ಬಿಗಿದ. ಹೊಡೆತದ ಕೋಣೆ ಮೂವತ್ತು ಮೀಟರಿನ ಸುರಂಗದಂಥದು. ಆ ತುದಿಯಲ್ಲಿ ಮರಳಿನ ದಿಬ್ಬ. ಗಾಜಿನ ಈಚೆ ಹಗ್ಗ ಹಿಡಿದ ಕಿವುಡಣ್ಣ, ಅವನ ಪಕ್ಕದಲ್ಲಿ ಸೆಕೆಂಡಮ್ಮ, ಅವಳ ಹಿಂದೆ ಕಾವಲುಗಾರ್ತಿ. ಆರುನೂರ ಐವತ್ನಾಲ್ಕು. ಐವತ್ತೊಂದು. ಐವತ್ತೈದು. ಹತ್ತೂ ಹೀಗೇ. ಎಪ್ಪತ್ತು ವರ್ಷದ ಹಿಂದೆ ಯಾರೋ ಕೂಡಿಸಿದ ಮದ್ದು-ಗುಂಡಿನ ಸಂಸಾರ, ಇನ್ನೂ ಒಂದು ಬಿರುಕಿಲ್ಲ.

ಆಮೇಲೆ ಹೊಸದು. ಅದರ ಕೋವಿಯನ್ನು ಬಿಗಿದದ್ದಾಯಿತು. ಒಂದು, ಎರಡು, ಮೂರು. ಎಲ್ಲ ಆರುನೂರ ಐವತ್ತರ ಸುತ್ತಮುತ್ತ. ಎಂಟಾಯಿತು, ಒಂಬತ್ತಾಯಿತು. ಸುಳ್ಳು ಯಾಕೆ, ಹತ್ತನೆಯದೂ ಸರಿಯಾಗಿ ಬಂದಾಗ ಸೆಕೆಂಡಮ್ಮನ ಮನಸ್ಸಿನ ಒಂದು ಮೂಲೆ ಹಗುರಾಯಿತು. ಎಲ್ಲವೂ ಸರಿಬಂದರೆ ತನ್ನ ಸಹಿಗೆ ಕುಂದಿಲ್ಲ, ಕೆಂಪು ಗೆರೆಯನ್ನು ಯಾರಿಗೂ ತೋರಿಸಬೇಕಾಗಿಲ್ಲ. ಹಾಗೆ ಅಂದುಕೊಂಡದ್ದಕ್ಕೆ ಆಮೇಲೆ ಅವಳು ತನ್ನನ್ನು ತಾನೇ ಎಷ್ಟೋ ದಿನ ಹಳಿದುಕೊಂಡಳು.

ಹನ್ನೊಂದನೆಯದಕ್ಕೆ ಕಿವುಡಣ್ಣ ಹಗ್ಗ ಎಳೆದು, ತನ್ನ ಪಾದಗಳನ್ನು ನೋಡಿಕೊಂಡ. ಪ್ರತಿ ಹೊಡೆತಕ್ಕೂ ನೆಲ ಅಂಗಾಲನ್ನು ಗುದ್ದುತ್ತದೆ. ಈ ಸಲ ಗುದ್ದಲಿಲ್ಲ. ಫಲಕದ ಮೇಲೆ ಐನೂರ ಇಪ್ಪತ್ತೆರಡು ಎಂದು ಮೂಡಿತು. ಮೂವತ್ತು ವರ್ಷದ ಅಭ್ಯಾಸ. ಅವನ ಕೈ ತಾನಾಗಿ ಕೆಂಪು ಪೆನ್ಸಿಲ್ಲಿಗೆ ಹೋಯಿತು.

"ತೆರೆದೋಷ ಅಮ್ಮಾವ್ರೇ. ಇನ್ನೊಂದು ಹೊಡೀಲಾ?"

"ಪೆನ್ಸಿಲ್ ಕೆಳಗಿಡಿ ಅಣ್ಣ."

ಸೆಕೆಂಡಮ್ಮ ತಿರುಗಿ ನೋಡಿದಳು. ಕಾವಲುಗಾರ್ತಿ ಕಿವಿಯ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು. ಯಾವಾಗ ತೆಗೆದಿದ್ದಳೋ.

"ಅದೇ ಸದ್ದು," ಅಂದಳು. "ಅಮ್ಮಾ, ಅದೇ ಸದ್ದು."

ಇಪ್ಪತ್ತೂ ಮುಗಿಯುವ ಹೊತ್ತಿಗೆ ಅಂಥದ್ದು ಇನ್ನೊಂದು ಬಂತು: ಐನೂರ ಹದಿನೈದು. ಸೆಕೆಂಡಮ್ಮ ಎಲ್ಲ ಖಾಲಿ ಕವಚಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದಳು. ಹದಿನೆಂಟರ ಹಿತ್ತಾಳೆ ಹೊಳೆಯುತ್ತಿತ್ತು. ಎರಡರ ಕತ್ತಿನ ಸುತ್ತ ಮಸಿ ಹಿಡಿದಿತ್ತು. ಒಳಗೆ, ಸುಡದೆ ಉಳಿದ ಮದ್ದು ಹೆಪ್ಪುಗಟ್ಟಿ ಗೋಡೆಗೆ ಅಂಟಿಕೊಂಡಿತ್ತು. ಒತ್ತಿ ತುರುಕಿದ್ದಕ್ಕೇ ಮದ್ದು ಅಲ್ಲೊಂದು ಇಲ್ಲೊಂದು ತೋಟಾದಲ್ಲಿ ಗಡ್ಡೆಯಾಗಿದೆ. ಬೆಂಕಿ ತಗುಲಿದರೂ ಪೂರ್ತಿ ಉರಿದಿಲ್ಲ. ವೇಗ ಐದರಲ್ಲಿ ಒಂದು ಪಾಲು ಕಮ್ಮಿಯಾದರೆ ಗುಂಡಿನ ಬಲ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಮ್ಮಿಯಾಗುತ್ತದೆ. ಕೋಣದ ಭುಜದ ಮೂಳೆಗೆ ಅಷ್ಟು ರಿಯಾಯಿತಿ ಸಾಕು.

ಆಮೇಲೆ ಕಾವಲುಗಾರ್ತಿಯ ಎದುರಿನಲ್ಲೇ ಮೊಹರಿನ ಲಕೋಟೆ ಒಡೆದಳು. ಮೂರು ತಿಂಗಳು ಕಡತದ ಜೊತೆ ಓಡಾಡಿದ ಆ ಕವಚದೊಳಗೆ ಯಾರೂ ಇಣುಕಿ ನೋಡಿರಲಿಲ್ಲ. ಪ್ರಮಾಣಪತ್ರ ಇದ್ದಮೇಲೆ ನೋಡುವುದೇನಿದೆ? ಕತ್ತಿನ ಸುತ್ತ ಮಸಿ. ಭೂತಗನ್ನಡಿ ಹಿಡಿದು ಒಳಗೆ ನೋಡಿದಳು: ಹಳದಿ ಮದ್ದಿನ ಗಡ್ಡೆ. ಕನ್ನಡಿಯನ್ನು ಕಾವಲುಗಾರ್ತಿಯ ಕೈಗೆ ಕೊಟ್ಟಳು. ಅವಳು ಬಹಳ ಹೊತ್ತು ನೋಡಿದಳು.

ಸೆಕೆಂಡಮ್ಮ ನೇರವಾಗಿ ಪರೀಕ್ಷಾಲಯದ ಮುಖ್ಯಸ್ಥರಾದ ಸಾಹೇಬರ ಕೋಣೆಗೆ ಹೋದಳು. ಸಾಹೇಬರು ಕೆಟ್ಟವರಲ್ಲ. ಕಡತ ಓದಿದರು, ಹಳೆಯ ಪುಸ್ತಕದ ಕೆಂಪು ಗೆರೆ ನೋಡಿದರು, ಕನ್ನಡಕ ತೆಗೆದರು.

"ನೀವು ನಿಯಮ ಮೀರಿಲ್ಲ. ಮತ್ತೆ ಹೊಡೆಯೋಕೆ ಅವಕಾಶ ಇತ್ತು. ಇವತ್ತಿನ ಎರಡನ್ನೂ ಹಾಗೇ ಮಾಡಿದ್ರೆ ಯಾರೂ ಕೇಳಲ್ಲ."

"ಆ ಹೆಂಗಸು ಕೇಳ್ತಾಳೆ ಸಾರ್."

"ಹದಿನಾಲ್ಕು ವರ್ಷದಲ್ಲಿ ನೀವು ಸಹಿ ಹಾಕಿದ್ದನ್ನೆಲ್ಲ ಹೊರಗೆ ತೆಗೀತಾರೆ. ನಿಮ್ಮ ಹೆಸರು ಕೆಡುತ್ತೆ."

"ಕೆಡಲಿ. ಅವನ ಹೆಸರು ಮೂರು ತಿಂಗಳಿಂದ ಕೆಟ್ಟಿದೆ, ಏನೂ ತಪ್ಪು ಮಾಡದೆ." ಅವಳು ಮಸಿ ಹಿಡಿದ ಕವಚವನ್ನು ಮೇಜಿನ ಮೇಲಿಟ್ಟಳು. "ಇನ್ನೊಂದು ಮಾತು ಸಾರ್. ಈ ಸರಕು ಇವತ್ತೂ ಎಲ್ಲ ಠಾಣೆಯವರ ಸೊಂಟದಲ್ಲಿದೆ. ಇಪ್ಪತ್ತಕ್ಕೆ ಎರಡು. ಯಾರ ಪಾಲಿಗೆ ಯಾವುದು ಅಂತ ಯಾರಿಗೆ ಗೊತ್ತು?"

ಸಾಹೇಬರು ಇಲಾಖೆಗೆ ಫೋನ್ ಮಾಡಿದರು. ಆ ಸರಕಿನ ತೋಟಾಗಳನ್ನೆಲ್ಲ ಇವತ್ತೇ ಹಿಂದಕ್ಕೆ ತೆಗೆದುಕೊಳ್ಳಿ, ಬೇರೆ ಬರುವ ತನಕ ಗಸ್ತಿಗೆ ಯಾರನ್ನೂ ಕಳುಹಿಸಬೇಡಿ ಎಂದು ಕಡ್ಡಿ ಮುರಿದಂತೆ ಹೇಳಿದರು. ಸೆಕೆಂಡಮ್ಮ ಅಲ್ಲೇ ಕೂತು ವರದಿ ಬರೆದಳು. ಇಪ್ಪತ್ತು ಅಂಕಿಯನ್ನೂ ಬರೆದಳು. ಹದಿನಾಲ್ಕು ವರ್ಷದ ಹಿಂದಿನ ಆ ಎರಡನ್ನೂ ಬರೆದಳು. ಹೊಡೆದುಹಾಕಿದ್ದು ತಾನೇ ಎಂದೂ ಬರೆದಳು.

ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ಕಾವಲುಗಾರ್ತಿ ಕೂತಿದ್ದಳು. ಕಿವುಡಣ್ಣ ತಂದುಕೊಟ್ಟ ಚಹಾ ಪಕ್ಕದಲ್ಲಿ ಆರಿಹೋಗಿತ್ತು. ಸೆಕೆಂಡಮ್ಮ ವರದಿಯ ನಕಲು ಕೊಟ್ಟು, ನಿಂತೇ ಹೇಳಿದಳು. ಕೆಂಪು ಗೆರೆಯ ವಿಷಯವನ್ನೂ ಬಿಡದೆ ಹೇಳಿದಳು.

ಕಾವಲುಗಾರ್ತಿ ಕಾಗದವನ್ನು ಮಡಚಿದಳು, ಬಿಡಿಸಿದಳು. "ಅವರ ಪರವಾಗಿ ನಾನು ಅರ್ಜಿ ಹಾಕಿದೆ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ," ಅಂದಳು. "ಅದು ಸುಳ್ಳು. ನಿಜ ಯಾವುದು ಅಂತ ನನಗೇ ಗೊತ್ತಾಗಬೇಕಿತ್ತು. ನಿಮ್ಮ ಪ್ರಮಾಣಪತ್ರ ಓದಿದ ಮೇಲೆ ನನಗೆ ನನ್ನ ಕಣ್ಣಿನ ಮೇಲೇ ನಂಬಿಕೆ ಹೋಯ್ತು. ಅಷ್ಟು ಚೊಕ್ಕವಾಗಿತ್ತು ಆ ಮೂರು ಸಾಲು. ದಿನಾ ಒಲೆ ಮುಂದೆ ನಿಂತು ಬೈತಿದ್ದೆ ಅವರನ್ನ. ಇಪ್ಪತ್ತೈದು ಹೆಜ್ಜೆಯಿಂದ ಹೊಡೆಯೋಕೆ ಆಗ್ಲಿಲ್ವಾ ನಿನಗೆ, ಕೈಲಾಗದವನೇ, ನಮ್ಮಿಬ್ಬರನ್ನ ಬಿಟ್ಟು ಹೋದ್ಯಲ್ಲ ಅಂತ. ಸತ್ತವರನ್ನ, ಅಮ್ಮಾ. ಸತ್ತವರನ್ನ ಹಾಗೆ ಬೈದೆ."

ಸೆಕೆಂಡಮ್ಮ ಬೆಂಚಿನ ತುದಿಯಲ್ಲಿ ಕೂತಳು.

"ಮಗಳಿಗೆ ಒಂಬತ್ತು ವರ್ಷ. ಅಲ್ಲೇ ಕೂತು ಕೇಳಿಸ್ಕೊಳ್ತಿದ್ದಳು. ಈಗ ಅವಳೂ ಅದನ್ನೇ ಹೇಳ್ತಾಳೆ, ನಮ್ಮಪ್ಪನಿಗೆ ಗುರಿ ಇಡೋಕೆ ಬರ್ತಿರಲಿಲ್ಲ ಅಂತ. ನಾನು ಇವತ್ತು ಹೋಗಿ ಇಲ್ಲ ಕಣೇ ಅಂದ್ರೆ ನಂಬ್ತಾಳಾ? ಬೈದವಳೂ ನಾನೇ, ಹೊಗಳೋವಳೂ ನಾನೇ."

"ನಾನು ಬಂದು ಹೇಳ್ತೀನಿ," ಅಂದಳು ಸೆಕೆಂಡಮ್ಮ.

ಕಾವಲುಗಾರ್ತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬನ್ನಿ. ಅಪ್ಪ ಸರಿಯಾಗಿ ಹೊಡೆದ ಅಂತ ಮಾತ್ರ ಹೇಳಿ. ನಿಮ್ಮ ಕೆಂಪು ಗೆರೆ ಅವಳಿಗೆ ಬೇಡ. ಒಬ್ಬರ ಮೇಲಿನ ಸಿಟ್ಟನ್ನ ಇಳಿಸಿ ಇನ್ನೊಬ್ಬರ ಮೇಲೆ ಹೊರಿಸೋಕೆ ನನಗಿಷ್ಟ ಇಲ್ಲ, ಅಷ್ಟು ಸಣ್ಣ ಮಗು. ನನ್ನ ಸಿಟ್ಟು ನನ್ನ ಹತ್ತಿರ ಇರುತ್ತೆ, ಅದರ ಮಾತು ಬೇರೆ."

ಎರಡು ಬಸ್ಸು ಬದಲಾಯಿಸಿ ಮಧ್ಯಾಹ್ನ ಇಳಿಯುವ ಹೊತ್ತಿಗೆ ಮನೆ ತಲುಪಿದರು. ಠಾಣೆಯ ಹಿಂದಿನ ಎರಡು ಕೋಣೆಯ ಮನೆ. ಬಾಗಿಲ ಹಿಂದಿನ ಮೊಳೆಯಲ್ಲಿ ಗಂಡಸಿನ ಹಸಿರು ಟೋಪಿ ಹಾಗೇ ನೇತಾಡುತ್ತಿತ್ತು. ಶಾಲೆಯಿಂದ ಬಂದಿದ್ದ ಹುಡುಗಿ ನೆಲದ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಹೊಸಬರನ್ನು ಕಂಡು ಎದ್ದು ನಿಂತಳು.

"ಇವರು ಗುಂಡಿನ ವೇಗ ಅಳೆಯೋ ಆಂಟಿ," ಅಂದಳು ತಾಯಿ. "ನಿನಗೆ ಏನೋ ಹೇಳಬೇಕಂತೆ."

ಸೆಕೆಂಡಮ್ಮ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಎಲ್ಲ ಮರೆತುಹೋಯಿತು. "ನಿಮ್ಮಪ್ಪನ ಗುರಿ ತಪ್ಪಿರಲಿಲ್ಲ ಪುಟ್ಟಿ," ಅಂದಳು. "ಸರಿಯಾದ ಜಾಗಕ್ಕೇ ಹೊಡೆದಿದ್ರು. ನಾನು ಪರೀಕ್ಷೆ ಮಾಡಿ ನೋಡಿದ್ದೀನಿ. ನಿಮ್ಮಮ್ಮ ಕಣ್ಣಾರೆ ನೋಡಿದ್ದೂ ನಿಜ."

ಹುಡುಗಿ ಅಮ್ಮನನ್ನು ನೋಡಿದಳು. ಅಮ್ಮ ತಲೆಯಾಡಿಸಿದಳು. ಮಗುವಿನ ಮುಖ ಒಂದು ಕ್ಷಣ ಅರಳಿತು. ಆಮೇಲೆ ಹುಬ್ಬು ಗಂಟಿಕ್ಕಿತು. ಲೆಕ್ಕ ಕೂಡಿಬರದಾಗ ಮಕ್ಕಳು ನೋಡುವಂತೆ ಸೆಕೆಂಡಮ್ಮನನ್ನು ನೋಡಿದಳು.

"ಸರಿಯಾಗಿ ಹೊಡೆದ್ರೆ," ಅಂದಳು, "ಅಪ್ಪ ಯಾಕೆ ಸತ್ತ?"

ಸೆಕೆಂಡಮ್ಮ ತಾಯಿಯ ಕಡೆ ನೋಡಿದಳು, ಕೊಟ್ಟ ಮಾತಿನಿಂದ ಬಿಡಿಸು ಎಂಬಂತೆ. ಕಾವಲುಗಾರ್ತಿ ಕಿಟಕಿಯತ್ತ ಮುಖ ತಿರುಗಿಸಿಕೊಂಡಳು.

ಸೆಕೆಂಡಮ್ಮ ಪುಸ್ತಕಗಳನ್ನು ಮೆಲ್ಲಗೆ ಸರಿಸಿ ಹುಡುಗಿಯ ಎದುರು ನೆಲದ ಮೇಲೆ ಕೂತಳು.

"ನನ್ನಿಂದ ಒಂದು ತಪ್ಪಾಯ್ತು ಪುಟ್ಟಿ," ಅಂದಳು. "ನೀನು ಹುಟ್ಟೋದಕ್ಕೂ ಮೊದಲು. ಕೂತ್ಕೋ, ಹೇಳ್ತೀನಿ."